ಹನಿಗೂಡಿದ ಚಿತ್ರ: ಪೆಟ್ ಸ್ಕ್ಯಾನಿನ ಕಾಲದ ಲೆಕ್ಕ

ಹಳೆಯ ಮನೆಗಳ ಪಡಸಾಲೆಯಲ್ಲಿ ತೂಗುಹಾಕಿದ ನೂರು ವರ್ಷಗಳಷ್ಟು ಹಿಂದಿನ ಭಾವಚಿತ್ರಗಳನ್ನು ನೋಡಿದವರಿಗೆ ಒಂದು ಸಂಗತಿ ಎದ್ದು ಕಾಣುತ್ತದೆ. ಅವುಗಳಲ್ಲಿ ನಗುವವರು ವಿರಳ. ಯಜಮಾನರು ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿದು, ಉಸಿರನ್ನೇ ತಡೆದವರಂತೆ ಕುಳಿತಿರುತ್ತಾರೆ. ಅವರ ಮಡಿಲಿನ ಮಗುವಿನ ಮುಖ ಮಾತ್ರ ಕಲಸಿಹೋಗಿರುತ್ತದೆ. ಏಕೆಂದರೆ ಮಗು ಅಲುಗಿತು. ಆ ಕಾಲದ ಫಲಕಗಳು ಬೆಳಕನ್ನು ನಿಧಾನವಾಗಿ ಕುಡಿಯುತ್ತಿದ್ದವು. ಸ್ಪಷ್ಟವಾದ ಚಿತ್ರ ಬೇಕಾದರೆ ಹೆಚ್ಚು ಹೊತ್ತು ಕೂರಬೇಕು. ಹೆಚ್ಚು ಹೊತ್ತು ಕೂತರೆ ಅಲುಗದೆ ಇರುವುದು ಕಷ್ಟ. ಕಾಲಕ್ಕೂ ಚಿತ್ರಕ್ಕೂ ನಡುವಿನ ಈ ಚೌಕಾಶಿ ಛಾಯಾಗ್ರಹಣದಲ್ಲಿ ಎಂದೋ ಮುಗಿದುಹೋಯಿತು. ಆದರೆ ಕ್ಯಾನ್ಸರ್ ರೋಗವನ್ನು ಹುಡುಕುವ ಪೆಟ್ ಸ್ಕ್ಯಾನಿನ ಕೋಣೆಯಲ್ಲಿ ಅದು ಇಂದಿಗೂ ಪ್ರತಿದಿನ ನಡೆಯುತ್ತಿದೆ. ಅಲ್ಲಿ ಅಲುಗದೆ ಮಲಗಬೇಕಾದವನು ನೋವಿನಿಂದ ನರಳುತ್ತಿರುವ ರೋಗಿ. ಕಲಸಿಹೋದರೆ ಕಾಣದಾಗುವುದು ಅವನ ಪ್ರಾಣಕ್ಕೆ ಎರವಾಗಬಲ್ಲ ಒಂದು ಸಣ್ಣ ಗಂಟು. ಈ ಚೌಕಾಶಿಯ ಚರಿತ್ರೆಯನ್ನು ಸ್ಥೂಲವಾಗಿ ನಿರೂಪಿಸುವುದೇ ಇಲ್ಲಿಯ ಉದ್ದೇಶ.

ಪೆಟ್ ಎಂದರೆ ಪಾಸಿಟ್ರಾನ್ ಎಮಿಷನ್ ಟೊಮಾಗ್ರಫಿ. ಎಕ್ಸ್-ಕಿರಣದ ಚಿತ್ರದಲ್ಲಿ ಬೆಳಕು ಹೊರಗಿನಿಂದ ಬಂದು ಶರೀರವನ್ನು ಹಾಯ್ದು ಹೋಗುತ್ತದೆ. ಪೆಟ್ ಚಿತ್ರದಲ್ಲಾದರೋ ಬೆಳಕು ಶರೀರದ ಒಳಗಿನಿಂದಲೇ ಹೊರಡುತ್ತದೆ. ಈ ವಿಚಿತ್ರಕ್ಕೆ ಬೇರುಗಳು ಮೂರು. ಮೊದಲನೆಯದು ಪಾಸಿಟ್ರಾನ್ ಎಂಬ ಕಣ. 1928ರಲ್ಲಿ ಇಂಗ್ಲೆಂಡಿನ ಪಾಲ್ ಡಿರಾಕ್ ಬರೆದ ಸಮೀಕರಣವು ಎಲೆಕ್ಟ್ರಾನಿಗೆ ಎದುರುಜೋಡಿಯಾದ ಕಣವೊಂದನ್ನು ಸೂಚಿಸಿತು. 1932ರಲ್ಲಿ ಅಮೆರಿಕೆಯ ಕಾರ್ಲ್ ಆಂಡರ್ಸನ್ ವಿಶ್ವಕಿರಣಗಳನ್ನು ಪರೀಕ್ಷಿಸುತ್ತಿದ್ದಾಗ ಅದರ ಜಾಡನ್ನು ಕಣ್ಣಾರೆ ಕಂಡರು. ಎರಡನೆಯದು ಕೃತಕ ವಿಕಿರಣಶೀಲತೆ. 1934ರಲ್ಲಿ ಪ್ಯಾರಿಸಿನ ಐರೀನ್ ಕ್ಯೂರಿ ಮತ್ತು ಫ್ರೆಡರಿಕ್ ಜೋಲಿಯೋ ದಂಪತಿಗಳು ಸಾಮಾನ್ಯ ಧಾತುಗಳನ್ನೇ ಪಾಸಿಟ್ರಾನ್ ಸೂಸುವಂತೆ ಮಾಡಬಹುದೆಂದು ತೋರಿಸಿಕೊಟ್ಟರು. ಮೂರನೆಯದು ಕ್ಯಾನ್ಸರಿನ ಹಸಿವು. ಅರ್ಬುದದ ಜೀವಕೋಶಗಳು ಆರೋಗ್ಯದ ಕೋಶಗಳಿಗಿಂತ ಬಹಳ ಹೆಚ್ಚಾಗಿ ಸಕ್ಕರೆಯನ್ನು ನುಂಗುತ್ತವೆಂದು 1920ರ ದಶಕದಲ್ಲಿ ಜರ್ಮನಿಯ ಆಟೊ ವಾರ್ಬರ್ಗ್ ಕಂಡುಹಿಡಿದಿದ್ದರು.

ಈ ಮೂರು ಬೇರುಗಳೂ ಕೂಡಿ ಒಂದು ಮರವಾಗಲು ಕಾಲು ಶತಮಾನಕ್ಕೂ ಮಿಗಿಲಾದ ಕಾಲ ಹಿಡಿಯಿತು. ಸಕ್ಕರೆಯಂಥ ವಸ್ತುವೊಂದಕ್ಕೆ ಪಾಸಿಟ್ರಾನ್ ಸೂಸುವ ಪರಮಾಣುವನ್ನು ಕಟ್ಟಿ ರಕ್ತನಾಳಕ್ಕೆ ಚುಚ್ಚಿದರೆ, ಹಸಿದ ಅರ್ಬುದ ಅದನ್ನು ಬಾಚಿಕೊಳ್ಳುತ್ತದೆ. ಅಲ್ಲಿ ಹುಟ್ಟಿದ ಪಾಸಿಟ್ರಾನ್ ಸುಮಾರು ಒಂದು ಮಿಲಿಮೀಟರಿನಷ್ಟೋ ಅದಕ್ಕಿಂತ ಕಡಿಮೆಯೋ ದೂರ ಸಾಗಿ, ಎದುರಾದ ಎಲೆಕ್ಟ್ರಾನಿನೊಡನೆ ಕೂಡಿ ಎರಡೂ ಅಳಿದುಹೋಗುತ್ತವೆ. ಅವು ಅಳಿದ ಎಡೆಯಿಂದ ಎರಡು ಗಾಮಾ ಕಿರಣಗಳು, ಬೆನ್ನಿಗೆ ಬೆನ್ನು ಹಾಕಿದ ಜಟ್ಟಿಗಳಂತೆ, ನೇರವಾಗಿ ವಿರುದ್ಧ ದಿಕ್ಕುಗಳಿಗೆ ಓಡುತ್ತವೆ. ರೋಗಿಯ ಸುತ್ತ ಬಳೆಯಂತೆ ಜೋಡಿಸಿದ ಸ್ಫಟಿಕಗಳಲ್ಲಿ ಎದುರುಬದುರಿನ ಎರಡು ಒಂದೇ ಗಳಿಗೆಯಲ್ಲಿ ಮಿನುಗಿದರೆ, ಆ ಎರಡನ್ನೂ ಕೂಡಿಸುವ ಗೆರೆಯ ಮೇಲೆ ಎಲ್ಲಿಯೋ ಘಟನೆ ನಡೆಯಿತೆಂದು ಯಂತ್ರ ಗುರುತು ಹಾಕಿಕೊಳ್ಳುತ್ತದೆ. ಇಂಥ ಗೆರೆಗಳನ್ನು ಲಕ್ಷೋಪಲಕ್ಷವಾಗಿ ಕೂಡಿಹಾಕಿ ಗಣಿತದಿಂದ ಬಿಡಿಸಿದಾಗ ಚಿತ್ರ ಮೂಡುತ್ತದೆ.

ಲಕ್ಷೋಪಲಕ್ಷ ಏಕೆ, ಸಾವಿರ ಸಾಲದೆ? ಈ ಪ್ರಶ್ನೆಯಲ್ಲಿಯೇ ನಮ್ಮ ಕಥೆಯ ತಿರುಳಿದೆ. ಮುಂಗಾರಿನ ಮೊದಲ ಹನಿಗಳು ಅಂಗಳದ ಕಲ್ಲುಚಪ್ಪಡಿಗಳ ಮೇಲೆ ಬೀಳುವುದನ್ನು ನೆನೆದುಕೊಳ್ಳಿ. ಒಂದು ಚಪ್ಪಡಿಯ ಮೇಲೆ ಏಳು ಹನಿ, ಪಕ್ಕದ್ದರ ಮೇಲೆ ಎರಡು, ಮತ್ತೊಂದು ಪೂರಾ ಒಣಗಿದೆ. ಆಕಾಶ ಪಕ್ಷಪಾತ ಮಾಡಿತೆಂದು ಯಾರೂ ಹೇಳುವುದಿಲ್ಲ. ಅದು ಕೇವಲ ಆಕಸ್ಮಿಕ. ಮಳೆ ಒಂದಷ್ಟು ಹೊತ್ತು ಸುರಿದ ಮೇಲೆ ಚಪ್ಪಡಿಗಳೆಲ್ಲ ಒಂದೇ ಸಮ ನೆನೆಯುತ್ತವೆ. ಆಗಲೂ ಒಂದು ಮೂಲೆಯಲ್ಲಿ ಮಾತ್ರ ನೀರು ಹೆಚ್ಚಾಗಿ ನಿಂತಿದ್ದರೆ, ಅದರ ಮೇಲೆ ಸೂರು ಸೋರುತ್ತಿದೆಯೆಂದು ನಿಶ್ಚಯವಾಗಿ ಹೇಳಬಹುದು. ಪೆಟ್ ಚಿತ್ರದಲ್ಲಿ ಕಾಣುವ ಮಚ್ಚೆಯೂ ಹೀಗೆಯೇ. ಎಣಿಕೆ ಕಡಿಮೆಯಾದಾಗ ಆಕಸ್ಮಿಕದ ಮಚ್ಚೆಗೂ ನಿಜವಾದ ಅರ್ಬುದದ ಮಚ್ಚೆಗೂ ಭೇದ ತಿಳಿಯುವುದಿಲ್ಲ.

ಈ ಆಕಸ್ಮಿಕಕ್ಕೂ ಒಂದು ನಿಯಮವಿದೆ. ನೂರು ಎಣಿಸಿದರೆ ಸುಮಾರು ಹತ್ತರಷ್ಟು, ಎಂದರೆ ಶೇಕಡ 10ರಷ್ಟು, ಏರುಪೇರು ಸಹಜ. ಹತ್ತು ಸಾವಿರ ಎಣಿಸಿದರೆ ಏರುಪೇರು ನೂರು. ಎಂದರೆ ಶೇಕಡ 1 ಮಾತ್ರ. ಎಣಿಕೆ ನೂರು ಪಟ್ಟು ಹೆಚ್ಚಿದಾಗ ದೋಷ ಹತ್ತು ಪಟ್ಟು ತಗ್ಗುತ್ತದೆ. ಆದ್ದರಿಂದ ಚಿತ್ರದ ಒರಟುತನವನ್ನು ಅರ್ಧಕ್ಕೆ ಇಳಿಸಬೇಕಾದರೆ ಕಾಲವನ್ನು ಎರಡು ಪಟ್ಟು ಮಾಡಿದರೆ ಸಾಲದು, ನಾಲ್ಕು ಪಟ್ಟು ಮಾಡಬೇಕು. ಹದಿನಾಲ್ಕು ನಿಮಿಷ ಮಲಗಿದ್ದ ರೋಗಿ ಐವತ್ತಾರು ನಿಮಿಷ ಮಲಗಬೇಕು. ಹನಿ ಹನಿ ಕೂಡಿದರೆ ಹಳ್ಳ ಎಂಬ ಗಾದೆ ನಿಜ. ಆದರೆ ಹಳ್ಳ ತುಂಬುವ ತನಕ ಕಾಯುವವನ ಬೆನ್ನುಮೂಳೆಯಲ್ಲಿಯೇ ರೋಗವಿದ್ದರೆ ಆ ಕಾಯುವಿಕೆ ಸುಲಭವಲ್ಲ.

ಮೊದಲ ಪ್ರಯತ್ನಗಳು ಬಲು ಸರಳವಾಗಿದ್ದವು. 1951ರಲ್ಲಿ ಬಾಸ್ಟನ್ನಿನ ಮ್ಯಾಸಚುಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಭೌತವಿಜ್ಞಾನಿ ಗಾರ್ಡನ್ ಬ್ರೌನೆಲ್ ಮತ್ತು ಮೆದುಳಿನ ಶಸ್ತ್ರವೈದ್ಯ ವಿಲಿಯಂ ಸ್ವೀಟ್ ಅವರು ರೋಗಿಯ ತಲೆಯ ಇಕ್ಕೆಲಗಳಲ್ಲಿ ಒಂದೊಂದು ಸೋಡಿಯಂ ಅಯೋಡೈಡ್ ಸ್ಫಟಿಕವನ್ನಿಟ್ಟು, ಜೋಡಿ ಕಿರಣಗಳನ್ನು ಎಣಿಸಿ ಮೆದುಳಿನ ಗಡ್ಡೆಯ ತಾಣವನ್ನು ಗುರುತಿಸಲು ಯತ್ನಿಸಿದರು. ಇದ್ದುದು ಎರಡೇ ಸ್ಫಟಿಕ. ಮಿಕ್ಕೆಲ್ಲ ದಿಕ್ಕುಗಳಿಗೆ ಹಾರಿದ ಕಿರಣಗಳು ವ್ಯರ್ಥ. ದೊಡ್ಡ ಮಳೆಯಲ್ಲಿ ಎರಡು ಬಟ್ಟಲು ಹಿಡಿದು ನಿಂತಂತೆ. ಮುಂದಿನ ಎಪ್ಪತ್ತು ವರ್ಷಗಳ ಇತಿಹಾಸವನ್ನು ಒಂದೇ ವಾಕ್ಯದಲ್ಲಿ ಹೇಳುವುದಾದರೆ, ಅದು ಬಟ್ಟಲುಗಳನ್ನು ಹೆಚ್ಚಿಸಿದ, ಅಗಲಿಸಿದ, ಚುರುಕುಗೊಳಿಸಿದ ಇತಿಹಾಸ.

1973ರಿಂದ 1975ರ ಅವಧಿಯಲ್ಲಿ ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಮಿಷೆಲ್ ಟೆರ್-ಪೊಗೊಸಿಯನ್, ಮೈಕೇಲ್ ಫೆಲ್ಪ್ಸ್, ಎಡ್ವರ್ಡ್ ಹಾಫ್‌ಮನ್ ಮತ್ತು ಅವರ ಸಂಗಡಿಗರು ರೋಗಿಯ ಸುತ್ತಲೂ ಸ್ಫಟಿಕಗಳನ್ನು ಷಟ್ಕೋನಾಕಾರವಾಗಿ ಜೋಡಿಸಿ, ಶರೀರದ ಅಡ್ಡಸೀಳಿಕೆಯ ಚಿತ್ರಗಳನ್ನು ಪಡೆದರು. ಯಂತ್ರ ಸಿದ್ಧವಾಯಿತು, ತಕ್ಕ ಮದ್ದು ಬೇಕಾಗಿತ್ತು. ಅದನ್ನು ಒದಗಿಸಿದವರು ನ್ಯೂಯಾರ್ಕ್ ಬಳಿಯ ಬ್ರೂಕ್‌ಹೇವನ್ ಪ್ರಯೋಗಶಾಲೆಯ ಆಲ್ಫ್ರೆಡ್ ವುಲ್ಫ್, ಜೊಆನಾ ಫೌಲರ್, ಜಪಾನಿನಿಂದ ಬಂದ ತತ್ಸುವೊ ಇಡೊ ಮುಂತಾದವರು. ಗ್ಲೂಕೋಸನ್ನು ಹೋಲುವ, ಆದರೆ ಕೋಶದೊಳಗೆ ಹೊಕ್ಕ ಮೇಲೆ ಜೀರ್ಣವಾಗದೆ ಅಲ್ಲಿಯೇ ಸಿಕ್ಕಿಕೊಳ್ಳುವ ವಸ್ತುವಿಗೆ ಅವರು ಫ್ಲೋರಿನ್-18 ಎಂಬ ಪರಮಾಣುವನ್ನು ಕಟ್ಟಿದರು. ಇದೇ ಎಫ್.ಡಿ.ಜಿ. 1976ರ ಆಗಸ್ಟಿನಲ್ಲಿ ಅದನ್ನು ಬ್ರೂಕ್‌ಹೇವನ್‌ನಲ್ಲಿ ತಯಾರಿಸಿ, ವಿಮಾನದಲ್ಲಿ ಫಿಲಡೆಲ್ಫಿಯಾಕ್ಕೆ ಸಾಗಿಸಿ, ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಅಬ್ಬಾಸ್ ಅಲಾವಿ ಅವರು ಮೊದಲ ಬಾರಿಗೆ ಇಬ್ಬರು ಸ್ವಯಂಸೇವಕರಿಗೆ ಚುಚ್ಚಿದರು. ವಿಮಾನವೇ ಏಕೆಂದರೆ, ಫ್ಲೋರಿನ್-18ರ ಅರ್ಧಾಯುಷ್ಯ ಸುಮಾರು 110 ನಿಮಿಷ. ಅಷ್ಟರೊಳಗೆ ಅದರ ಶಕ್ತಿ ಅರ್ಧವಾಗುತ್ತದೆ. ಮತ್ತೆ ಅಷ್ಟು ಹೊತ್ತಿಗೆ ಕಾಲುಭಾಗ ಉಳಿಯುತ್ತದೆ. ಇಲ್ಲಿ ಗಡಿಯಾರ ಓಡತೊಡಗುವುದು ರೋಗಿ ಹಾಸಿಗೆಯ ಮೇಲೆ ಮಲಗಿದಾಗ ಅಲ್ಲ, ಮದ್ದು ಹುಟ್ಟಿದ ಗಳಿಗೆಯಲ್ಲಿ.

ಹಾಗಾದರೆ ಮದ್ದನ್ನೇ ಹೆಚ್ಚಾಗಿ ಕೊಟ್ಟು ಬೇಗ ಮುಗಿಸಬಾರದೆ ಎಂದು ಕೇಳಬಹುದು. ಕಾಲ, ಮದ್ದು, ಚಿತ್ರ, ಇವು ಒಲೆಯ ಮೂರು ಗುಂಡುಗಳಿದ್ದಂತೆ. ಒಂದನ್ನು ಸರಿಸಿದರೆ ಮೇಲಿನ ಮಡಕೆ ವಾಲುತ್ತದೆ. ಮದ್ದು ಹೆಚ್ಚಿದರೆ ರೋಗಿಗೆ ತಗಲುವ ವಿಕಿರಣವೂ ಹೆಚ್ಚುತ್ತದೆ. ಅದಲ್ಲದೆ ಯಂತ್ರ ಮೋಸಹೋಗುತ್ತದೆ. ಬೇರೆ ಬೇರೆ ಎಡೆಗಳಲ್ಲಿ ಹುಟ್ಟಿದ ಎರಡು ಕಿರಣಗಳು ಅಕಸ್ಮಾತ್ತಾಗಿ ಒಂದೇ ಗಳಿಗೆಯಲ್ಲಿ ತಲುಪಿದರೆ, ಯಂತ್ರ ಅವನ್ನು ಅವಳಿಗಳೆಂದು ಭ್ರಮಿಸಿ ಸುಳ್ಳು ಗೆರೆಯನ್ನು ಎಳೆಯುತ್ತದೆ. ಮದ್ದು ಎರಡು ಪಟ್ಟಾದರೆ ನಿಜವಾದ ಜೋಡಿಗಳು ಎರಡು ಪಟ್ಟಾಗುತ್ತವೆ, ಸುಳ್ಳು ಜೋಡಿಗಳು ನಾಲ್ಕು ಪಟ್ಟಾಗುತ್ತವೆ. ಹೀಗೆ ಒಂದು ಮಿತಿಯಾಚೆಗೆ ಮದ್ದು ಚಿತ್ರವನ್ನು ಕೆಡಿಸುತ್ತದೆಯೇ ಹೊರತು ತಿದ್ದುವುದಿಲ್ಲ. ಸುಳ್ಳನ್ನು ಕಳೆದು ಉಳಿಯುವ ನಿಜವಾದ ಎಣಿಕೆಯ ಬೆಲೆಯೆಷ್ಟು ಎಂಬುದಕ್ಕೆ 1990ರಲ್ಲಿ ಸ್ಟ್ರೋದರ್, ಕೇಸಿ, ಹಾಫ್‌ಮನ್ ಎಂಬ ಮೂವರು ಒಂದು ಅಳತೆಗೋಲನ್ನು ರೂಪಿಸಿದರು. ಯಂತ್ರಗಳನ್ನು ತೂಗಿ ನೋಡಲು ಇಂದಿಗೂ ಅದೇ ಬಳಕೆಯಲ್ಲಿದೆ.

ಮದ್ದನ್ನು ಹೆಚ್ಚಿಸಲಾಗದು, ಕಾಲವನ್ನು ಬೆಳೆಸಲಾಗದು ಎಂದ ಮೇಲೆ ಉಳಿದ ದಾರಿ ಒಂದೇ: ಹಾರಿಹೋಗುವ ಕಿರಣಗಳನ್ನು ಚೆನ್ನಾಗಿ ಹಿಡಿಯುವುದು. ಸೋಡಿಯಂ ಅಯೋಡೈಡ್ ಸ್ಫಟಿಕ ಉಪ್ಪಿನಂತೆ ತೇವವನ್ನು ಹೀರಿ ಹಾಳಾಗುತ್ತಿತ್ತು. ಕಿರಣಗಳಲ್ಲಿ ಅನೇಕವು ಅದನ್ನು ತೂರಿ ಹೋಗುತ್ತಿದ್ದವು. 1970ರ ದಶಕದ ಕೊನೆಯಲ್ಲಿ ಅದಕ್ಕಿಂತ ಸುಮಾರು ಇಮ್ಮಡಿ ಸಾಂದ್ರತೆಯ ಬಿಸ್ಮತ್ ಜರ್ಮನೇಟ್ ಸ್ಫಟಿಕ ಬಂದಿತು. ಕೆನಡಾದ ಮಾಂಟ್ರಿಯಲ್‌ನಲ್ಲಿ ಕ್ರಿಸ್ ಥಾಮ್ಸನ್ ಮತ್ತು ಸಂಗಡಿಗರು ಅದರಿಂದ ಮೊದಲ ಯಂತ್ರವನ್ನು ಕಟ್ಟಿದರು. ಅದು ಕಿರಣವನ್ನು ಹಿಡಿಯುವುದರಲ್ಲಿ ಗಟ್ಟಿಗ, ಆದರೆ ಮಿನುಗು ಮಂದ. ಮಿನುಗು ಆರಲು 300 ನ್ಯಾನೋಸೆಕೆಂಡು ಬೇಕು. ನ್ಯಾನೋಸೆಕೆಂಡೆಂದರೆ ಒಂದು ಸೆಕೆಂಡಿನ ನೂರು ಕೋಟಿಯಲ್ಲೊಂದು ಭಾಗ. 1990ರ ಸುಮಾರಿಗೆ ತೈಲಬಾವಿಗಳ ಶೋಧನೆಗೆ ಸ್ಫಟಿಕಗಳನ್ನು ಹುಡುಕುತ್ತಿದ್ದ ಚಾರ್ಲ್ಸ್ ಮೆಲ್ಚರ್ ಲುಟೀಶಿಯಂ ಆರ್ಥೋಸಿಲಿಕೇಟ್ ಎಂಬುದನ್ನು ಕಂಡುಹಿಡಿದರು. ಅದು ಸಾಂದ್ರವೂ ಹೌದು, ಪ್ರಕಾಶಮಾನವೂ ಹೌದು. ಅದರ ಮಿನುಗು ಸುಮಾರು 40 ನ್ಯಾನೋಸೆಕೆಂಡಿನಲ್ಲಿ ಆರುತ್ತದೆ. ನೆಲದಾಳದ ಎಣ್ಣೆಗಾಗಿ ಹುಡುಕಿದ ಹರಳು ಮನುಷ್ಯನ ಒಡಲಾಳದ ರೋಗವನ್ನು ಕಾಣಲು ಒದಗಿತು.

ಈ ನಡುವೆ ಗಣಿತಜ್ಞರೂ ಸುಮ್ಮನಿರಲಿಲ್ಲ. ಗೆರೆಗಳಿಂದ ಚಿತ್ರವನ್ನು ಬಿಡಿಸುವ ಮೂಲಸೂತ್ರವನ್ನು 1917ರಲ್ಲಿಯೇ ಆಸ್ಟ್ರಿಯದ ಯೋಹಾನ್ ರಾಡಾನ್ ಕೊಟ್ಟಿದ್ದರು. ಅದನ್ನು ಆಧರಿಸಿದ ಹಳೆಯ ವಿಧಾನ ಶೀಘ್ರವಾದದ್ದು, ಆದರೆ ಎಣಿಕೆ ಕಡಿಮೆಯಾದಾಗ ಚಿತ್ರದ ತುಂಬ ಜೇಡರಬಲೆಯಂಥ ಗೀಟುಗಳನ್ನು ಎಳೆಯುತ್ತಿತ್ತು. 1982ರಲ್ಲಿ ಶೆಪ್ ಮತ್ತು ವಾರ್ಡಿ ಎಂಬವರು ಎಣಿಕೆಯ ಆಕಸ್ಮಿಕತೆಯನ್ನೇ ಲೆಕ್ಕಕ್ಕೆ ತೆಗೆದುಕೊಂಡು, ಊಹೆಯನ್ನು ಮತ್ತೆ ಮತ್ತೆ ತಿದ್ದುತ್ತ ಚಿತ್ರವನ್ನು ಕಟ್ಟುವ ಕ್ರಮವನ್ನು ಮಂಡಿಸಿದರು. ಗಣಕಯಂತ್ರಗಳಿಗೆ ಅದು ಆಗ ಭಾರವಾಯಿತು. 1994ರಲ್ಲಿ ಆಸ್ಟ್ರೇಲಿಯದ ಹಡ್ಸನ್ ಮತ್ತು ಲಾರ್ಕಿನ್ ದತ್ತಾಂಶವನ್ನು ಸಣ್ಣ ಸಣ್ಣ ಕಂತೆಗಳಾಗಿ ಹಂಚಿ ಅದೇ ಲೆಕ್ಕವನ್ನು ಹಲವು ಪಟ್ಟು ಬೇಗ ಮುಗಿಸುವ ಉಪಾಯವನ್ನು ತೋರಿಸಿದ ಮೇಲೆ ಅದು ಆಸ್ಪತ್ರೆಗಳಿಗೆ ಇಳಿಯಿತು.

ಮೊದಮೊದಲು ಪೆಟ್ ಬಹುಮಟ್ಟಿಗೆ ಮೆದುಳಿಗೆ ಮೀಸಲಾಗಿತ್ತು. 1990ರ ದಶಕದ ಆರಂಭದಲ್ಲಿ ಹಾಸಿಗೆಯನ್ನು ಹಂತಹಂತವಾಗಿ ಸರಿಸಿ ಇಡೀ ಶರೀರವನ್ನು ಚಿತ್ರಿಸುವ ರೀತಿ ರೂಢಿಗೆ ಬಂದಿತು. ಕ್ಯಾನ್ಸರ್ ಎಲ್ಲೆಲ್ಲಿ ಹರಡಿದೆಯೆಂದು ನೋಡಲು ಇದೇ ಬೇಕಾಗಿದ್ದುದು. ಆದರೆ ಬಳೆಯ ಅಗಲ ಒಂದು ಗೇಣಿನಷ್ಟು. ತಲೆಯ ಬುಡದಿಂದ ತೊಡೆಯ ನಡುವಿನ ತನಕ ಆರೇಳು ನಿಲುಗಡೆಗಳು ಬೇಕು. ಪ್ರತಿ ನಿಲುಗಡೆಯಲ್ಲೂ ಎರಡು ಅಳತೆಗಳು. ಒಂದು, ಒಳಗಿನಿಂದ ಬರುವ ಕಿರಣಗಳ ಎಣಿಕೆ. ಇನ್ನೊಂದು, ಆ ಕಿರಣಗಳಲ್ಲಿ ಶರೀರವೇ ಎಷ್ಟನ್ನು ನುಂಗಿಕೊಂಡಿತೆಂದು ತಿಳಿಯಲು ವಿಕಿರಣಶೀಲ ಕಡ್ಡಿಯೊಂದನ್ನು ಹೊರಗಡೆ ಸುತ್ತಿಸಿ ಮಾಡುವ ಅಳತೆ. ಈ ಎರಡನೆಯದಕ್ಕೇ ಪ್ರತಿ ನಿಲುಗಡೆಯಲ್ಲಿ ಹಲವು ನಿಮಿಷ ಹಿಡಿಯುತ್ತಿದ್ದು, ಒಟ್ಟು ಪರೀಕ್ಷೆ ಒಂದು ಗಂಟೆಯ ಹತ್ತಿರಕ್ಕೆ ಹೋಗುತ್ತಿತ್ತು. 1998ರಲ್ಲಿ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಟೌನ್ಸೆಂಡ್, ರೊನಾಲ್ಡ್ ನಟ್ ಅವರ ಕಲ್ಪನೆಯಂತೆ ಪೆಟ್ ಮತ್ತು ಸಿ.ಟಿ. ಯಂತ್ರಗಳೆರಡನ್ನೂ ಒಂದೇ ಕವಚದಲ್ಲಿ ಜೋಡಿಸಿದ ಮೊದಲ ಮಾದರಿ ಕೆಲಸಮಾಡತೊಡಗಿತು. ಹಲವು ನಿಮಿಷಗಳ ಆ ಅಳತೆಯನ್ನು ಸಿ.ಟಿ. ಕೆಲವೇ ಸೆಕೆಂಡುಗಳಲ್ಲಿ ಮುಗಿಸಿತು. ಮಚ್ಚೆ ಯಾವ ಅಂಗದಲ್ಲಿದೆಯೆಂಬ ಸಂದೇಹವನ್ನೂ ನಿವಾರಿಸಿತು.

ಆದರೆ ಶೀಘ್ರತೆಯೇ ಒಂದು ಹೊಸ ತೊಡಕನ್ನು ತಂದಿತು. ಸಿ.ಟಿ. ಚಿತ್ರ ಒಂದು ಉಸಿರಿನಲ್ಲಿ ಮುಗಿಯುತ್ತದೆ. ಪೆಟ್ ಚಿತ್ರ ನಿಮಿಷಗಟ್ಟಲೆ ಉಸಿರಾಟಗಳ ಸರಾಸರಿ. ಶ್ವಾಸಕೋಶದ ತಳದಲ್ಲಿಯೋ ಯಕೃತ್ತಿನ ನೆತ್ತಿಯಲ್ಲಿಯೋ ಇರುವ ಗಂಟು ಉಸಿರಿನೊಡನೆ ಮೇಲೆ ಕೆಳಗೆ ಆಡುತ್ತ, ಎರಡು ಚಿತ್ರಗಳಲ್ಲಿ ಎರಡು ಎಡೆಗಳಲ್ಲಿ ಕಾಣಬಹುದು. ಸಣ್ಣದಾದರೆ ಹರಡಿಕೊಂಡು ಮಾಸಿಹೋಗಬಹುದು. ಇಲ್ಲಿ ಹೆಚ್ಚು ಹೊತ್ತು ಎಣಿಸಿದರೂ ಫಲವಿಲ್ಲ. ಅಲುಗಿದ ಮಗುವಿನ ಮುಖ ಎಷ್ಟು ಬೆಳಕು ಸುರಿದರೂ ಸ್ಪಷ್ಟವಾಗದು.

ಮುಂದಿನ ಹೆಜ್ಜೆ ಕಿರಣಗಳ ಓಟವನ್ನೇ ಅಳೆಯುವುದು. ಅವಳಿ ಕಿರಣಗಳಲ್ಲಿ ಯಾವುದು ಮೊದಲು ತಲುಪಿತು, ಎಷ್ಟು ಮೊದಲು ಎಂದು ತಿಳಿದರೆ, ಗೆರೆಯ ಮೇಲೆ ಘಟನೆ ನಡೆದದ್ದು ಯಾವ ಭಾಗದಲ್ಲಿ ಎಂಬುದನ್ನು ಅಂದಾಜು ಮಾಡಬಹುದು. ಬೆಳಕು ಒಂದು ನ್ಯಾನೋಸೆಕೆಂಡಿನಲ್ಲಿ 30 ಸೆಂಟಿಮೀಟರ್ ಓಡುತ್ತದೆ. 1980ರ ದಶಕದಲ್ಲಿ ಇದನ್ನು ಯತ್ನಿಸಿದರಾದರೂ, ಚುರುಕಾಗಿ ಮಿನುಗುವ ಅಂದಿನ ಸ್ಫಟಿಕಗಳು ಕಿರಣಗಳನ್ನು ಹಿಡಿಯುವುದರಲ್ಲಿ ದುರ್ಬಲವಾಗಿದ್ದುದರಿಂದ ಕೈಬಿಡಬೇಕಾಯಿತು. ಲುಟೀಶಿಯಂ ಸ್ಫಟಿಕಗಳ ಬಲದಿಂದ 2006ರ ಸುಮಾರಿಗೆ ಅದು ಮರಳಿ ಬಂದಿತು. ಆಗಿನ ಯಂತ್ರಗಳು ಸುಮಾರು 600 ಪಿಕೋಸೆಕೆಂಡಿನ, ಎಂದರೆ ಸೆಕೆಂಡಿನ ಲಕ್ಷ ಕೋಟಿ ಭಾಗಗಳಲ್ಲಿ 600ರ, ಅಂತರವನ್ನು ಗುರುತಿಸುತ್ತಿದ್ದವು. ಅದರಿಂದ ಘಟನೆಯ ತಾಣ ಸುಮಾರು 9 ಸೆಂಟಿಮೀಟರಿನೊಳಗೆ ತಿಳಿಯುತ್ತಿತ್ತು. ಅನಂತರದ ಯಂತ್ರಗಳಲ್ಲಿ ಅದು 3 ಸೆಂಟಿಮೀಟರಿನ ಆಸುಪಾಸಿಗೆ ಇಳಿದಿದೆ. ಇದರಿಂದ ಎಣಿಕೆ ಹೆಚ್ಚಲಿಲ್ಲ, ಪ್ರತಿ ಎಣಿಕೆಯ ಬೆಲೆ ಹೆಚ್ಚಿತು. ಸ್ಥೂಲಕಾಯದವರಲ್ಲಿ ಕಿರಣಗಳು ಬಹಳಷ್ಟು ಒಳಗೇ ಇಂಗಿಹೋಗುವುದರಿಂದ, ಅವರಿಗೆ ಇದರ ಉಪಕಾರ ಎಲ್ಲರಿಗಿಂತ ಮಿಗಿಲು.

ಇಷ್ಟಾದರೂ ಗೇಣಗಲದ ಬಳೆಗೆ ಸಿಕ್ಕುವ ಜೋಡಿಗಳು, ಶರೀರದಲ್ಲಿ ಹುಟ್ಟಿದವುಗಳಲ್ಲಿ ನೂರಕ್ಕೆ ಒಂದಕ್ಕಿಂತ ಕಡಿಮೆ. ಹೃದಯವನ್ನು ಎಣಿಸುತ್ತಿರುವಾಗ ಕಾಲಿನಿಂದ ಹೊರಟ ಕಿರಣಗಳೆಲ್ಲ ಗೋಡೆಯ ಪಾಲು. ಬಳೆಯನ್ನೇ ಆಳುದ್ದಕ್ಕೆ ಬೆಳೆಸಿದರೆ ಹೇಗೆ? ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಶಾಖೆಯ ಸೈಮನ್ ಚೆರಿ ಮತ್ತು ರ‍್ಯಾಮ್ಸಿ ಬದಾವಿ ಅವರ ನೇತೃತ್ವದಲ್ಲಿ ರೂಪುಗೊಂಡ 'ಎಕ್ಸ್‌ಪ್ಲೋರರ್' ಎಂಬ ಯಂತ್ರದ ಉದ್ದ 194 ಸೆಂಟಿಮೀಟರ್. ಅದರಲ್ಲಿ ಐದು ಲಕ್ಷಕ್ಕೂ ಮಿಕ್ಕ ಸ್ಫಟಿಕಗಳಿವೆ. 2018ರಲ್ಲಿ ಅದು ಮನುಷ್ಯಶರೀರದ ಮೊದಲ ಚಿತ್ರಗಳನ್ನು ಕೊಟ್ಟಿತು. ಇಡೀ ಶರೀರದ ಲೆಕ್ಕದಲ್ಲಿ ಇದರ ಸಂಗ್ರಹಶಕ್ತಿ ಹಿಂದಿನ ಯಂತ್ರಗಳ ಸುಮಾರು 40 ಪಟ್ಟು.

ಈ ನಾಲ್ವತ್ತು ಪಟ್ಟಿನ ಸಂಪತ್ತನ್ನು ಯಾವುದಕ್ಕೆ ವೆಚ್ಚ ಮಾಡಬೇಕು? ಕಾಲಕ್ಕೆ ಕೊಟ್ಟರೆ ಇಪ್ಪತ್ತು ನಿಮಿಷದ ಪರೀಕ್ಷೆ ಅರ್ಧ ನಿಮಿಷಕ್ಕೆ ಇಳಿಯುತ್ತದೆ. ರೋಗಿ ಉಸಿರು ಹಿಡಿದಿರುವಷ್ಟರಲ್ಲಿ ಮುಗಿಯುತ್ತದೆ, ಪುಟ್ಟ ಮಗುವಿಗೆ ನಿದ್ರೆಯ ಮದ್ದು ಕೊಡುವ ಪ್ರಮೇಯ ತಪ್ಪಬಹುದು. ಮದ್ದಿಗೆ ಕೊಟ್ಟರೆ ನಾಲ್ವತ್ತರಲ್ಲಿ ಒಂದು ಪಾಲು ವಿಕಿರಣ ಸಾಕು. ಚಿತ್ರಕ್ಕೆ ಕೊಟ್ಟರೆ, ಹಿಂದೆ ಹೇಳಿದ ನಿಯಮದಂತೆ, ಒರಟುತನ ಸುಮಾರು ಆರು ಪಟ್ಟು ತಗ್ಗುತ್ತದೆ. ಮೂರನ್ನೂ ಪೂರ್ತಿಯಾಗಿ ಪಡೆಯಲಾಗದು. ಯಂತ್ರ ಎಷ್ಟೇ ಬೆಳೆದರೂ ಒಲೆಯ ಮೂರು ಗುಂಡುಗಳು ಹಾಗೆಯೇ ಇವೆ.

ಇಂಥ ಆಳುದ್ದದ ಯಂತ್ರಗಳು ಬಹಳ ದುಬಾರಿಯಾದ್ದರಿಂದ ಅವು ವಿರಳ. ಬಹುತೇಕ ಆಸ್ಪತ್ರೆಗಳಲ್ಲಿರುವುದು ಚಿಕ್ಕ ಬಳೆಯ ಯಂತ್ರವೇ. ಭಾರತದಲ್ಲಿ ಎಫ್.ಡಿ.ಜಿ. ತಯಾರಿಕೆಗೆ ವೈದ್ಯಕೀಯ ಸೈಕ್ಲೊಟ್ರಾನ್ ಮೊದಲು ಬಂದದ್ದು 2002ರಲ್ಲಿ, ಮುಂಬಯಿಯ ವಿಕಿರಣ ವೈದ್ಯ ಕೇಂದ್ರಕ್ಕೆ. ಅಂದಿನಿಂದ ನಮ್ಮಲ್ಲಿಯೂ ದೊಡ್ಡ ನಗರಗಳಿಗೆ ಈ ಪರೀಕ್ಷೆ ಹಬ್ಬಿದೆ. ಬೆಳಗ್ಗೆ ಬಂದ ಮದ್ದಿನ ಸೀಸೆ 110 ನಿಮಿಷಕ್ಕೊಮ್ಮೆ ಅರ್ಧವಾಗುತ್ತಿರುವಾಗ, ಬರಿಹೊಟ್ಟೆಯಲ್ಲಿ ಬಂದು, ಚುಚ್ಚಿಸಿಕೊಂಡು, ಒಂದು ಗಂಟೆ ಸದ್ದಿಲ್ಲದೆ ಒರಗಿ ಕಾಯುವ ರೋಗಿಗಳ ಸಾಲು ಹೊರಗಿರುತ್ತದೆ. ಪ್ರತಿಯೊಬ್ಬರಿಂದಲೂ ಐದು ನಿಮಿಷ ಉಳಿಸಿದರೆ ಇನ್ನಿಬ್ಬರಿಗೆ ಅಂದೇ ಪರೀಕ್ಷೆಯಾದೀತು ಎಂಬ ಆಲೋಚನೆ ಸಹಜ, ದಯೆಯಿಂದ ಕೂಡಿದ್ದೂ ಹೌದು. ಆದರೆ ಆ ಐದು ನಿಮಿಷ ಯಾರ ಗಂಟಿನಿಂದ ಬಂದಿತೆಂದು ಕೇಳಬೇಕು.

ಅವಸರದ ಚಿತ್ರದಲ್ಲಿ ಎರಡು ಬಗೆಯ ಅಪಾಯಗಳಿವೆ. ಸಣ್ಣ ಗಂಟು ಒರಟುತನದಲ್ಲಿ ಮುಳುಗಿಹೋಗಬಹುದು ಎಂಬುದು ಒಂದು. ಇನ್ನೊಂದು ಅಷ್ಟು ಸುಲಭವಾಗಿ ಹೊಳೆಯುವುದಿಲ್ಲ. ಗಂಟಿನಲ್ಲಿ ಮದ್ದು ಅತಿ ಹೆಚ್ಚು ಸೇರಿದ ಬಿಂದುವಿನ ಬೆಲೆಯನ್ನು ವೈದ್ಯರು ಅಳೆಯುತ್ತಾರೆ. ಚಿಕಿತ್ಸೆಯ ಮೊದಲಿನ ಬೆಲೆಗೂ ಅನಂತರದ ಬೆಲೆಗೂ ಹೋಲಿಸಿ, ಮದ್ದು ನಾಟುತ್ತಿದೆಯೇ ಎಂದು ನಿರ್ಣಯಿಸುತ್ತಾರೆ. ಚಿತ್ರ ಒರಟಾದಷ್ಟೂ ಆ ತುದಿಯ ಬೆಲೆ ಹುಸಿಯಾಗಿ ಮೇಲಕ್ಕೆ ಜಿಗಿಯುತ್ತದೆ. ಮೊದಲ ಸಲ ನಿಧಾನವಾಗಿ, ಎರಡನೆಯ ಸಲ ಅವಸರವಾಗಿ ಚಿತ್ರ ತೆಗೆದರೆ, ಗುಣವಾಗುತ್ತಿರುವ ರೋಗ ಹಾಗೆಯೇ ಇದೆಯೆಂದು ತೋರಬಹುದು. ಆದುದರಿಂದಲೇ ಐರೋಪ್ಯ ಪರಮಾಣು ವೈದ್ಯರ ಸಂಘವು ತನ್ನ ಮಾರ್ಗಸೂಚಿಯಲ್ಲಿ ಮದ್ದಿನ ಪ್ರಮಾಣವನ್ನೂ ನಿಲುಗಡೆಯ ನಿಮಿಷಗಳನ್ನೂ ರೋಗಿಯ ತೂಕವನ್ನೂ ಒಂದೇ ಲೆಕ್ಕದಲ್ಲಿ ಕಟ್ಟಿತು: ಮದ್ದು ಕಡಿಮೆಯಾದರೆ ನಿಮಿಷ ಹೆಚ್ಚಬೇಕು, ತೂಕ ಹೆಚ್ಚಿದರೆ ಎರಡರಲ್ಲೊಂದು ಹೆಚ್ಚಬೇಕು.

ಇತ್ತೀಚೆಗೆ ಗಣಕಯಂತ್ರಕ್ಕೆ ಸಾವಿರಾರು ಚಿತ್ರಗಳನ್ನು ತೋರಿಸಿ ಕಲಿಸಿ, ಅವಸರದ ಒರಟು ಚಿತ್ರವನ್ನು ನಯಗೊಳಿಸುವ ವಿದ್ಯೆ ಬಳಕೆಗೆ ಬಂದಿದೆ. ಅದರಿಂದ ಪ್ರಯೋಜನವುಂಟು. ಆದರೆ ನಯವಾದ ಚಿತ್ರವೆಲ್ಲ ನಿಜವಾದ ಚಿತ್ರವೆಂದು ತಿಳಿಯುವಂತಿಲ್ಲ. ಬೀಳದ ಹನಿಯನ್ನು ಯಾವ ಗಣಿತವೂ ಬೀಳಿಸಲಾರದು; ಬಿದ್ದಿರಬಹುದೆಂದು ಊಹಿಸಬಲ್ಲುದು, ಅಷ್ಟೆ. ಆ ಊಹೆ ಚಿಕ್ಕದೊಂದು ಗಂಟನ್ನು ಒರಟುತನವೆಂದು ಬಗೆದು ಅಳಿಸಿಬಿಡುವ ಸಾಧ್ಯತೆಯನ್ನು ಪರೀಕ್ಷಿಸಿಯೇ ಅದನ್ನು ನಂಬಬೇಕು.

1951ರ ಎರಡು ಸ್ಫಟಿಕಗಳಿಂದ ಐದು ಲಕ್ಷ ಸ್ಫಟಿಕಗಳ ತನಕ ಬಂದ ಈ ದಾರಿಯನ್ನು ತಿರುಗಿ ನೋಡಿದರೆ ಒಂದು ಪಾಠ ಸ್ಪಷ್ಟವಾಗುತ್ತದೆ. ಈ ವಿದ್ಯೆಯನ್ನು ಮುಂದಕ್ಕೆ ತಂದವರು ಯಾರೂ ಕಾಲವನ್ನು ಸುಮ್ಮನೆ ಕತ್ತರಿಸಲಿಲ್ಲ. ಹೆಚ್ಚು ಹನಿಗಳನ್ನು ಹಿಡಿದು, ಹಿಡಿದ ಹನಿಯ ಬೆಲೆಯನ್ನು ಹೆಚ್ಚಿಸಿ, ಕಾಲವನ್ನು ಸಂಪಾದಿಸಿದರು. ಸಂಪಾದಿಸಿದ ನಿಮಿಷವನ್ನು ರೋಗಿಗೆ ಮರಳಿಸುವುದು ಧರ್ಮ. ಸಂಪಾದಿಸದೆ ಉಳಿಸಿದ ನಿಮಿಷ ಸಾಲ. ಅದನ್ನು ತೀರಿಸಬೇಕಾದವನು ಆ ಹಾಸಿಗೆಯ ಮೇಲೆ ಅಲುಗದೆ ಮಲಗಿರುವವನೇ.